ಅಟ್ಟದಿಂದ ಇಳಿದ ರೈಲು, ನೆಲದ ಮೇಲಿನ ಮಗು

ಡಿಸೆಂಬರ್ ಬಂತೆಂದರೆ ಅಮೆರಿಕದ ಎಷ್ಟೋ ಮನೆಗಳಲ್ಲಿ ಅಟ್ಟದಿಂದ ಒಂದು ರಟ್ಟಿನ ಪೆಟ್ಟಿಗೆ ಕೆಳಗಿಳಿಯುತ್ತದೆ. ಅದರೊಳಗೆ ಹಳೆಯ ಕಾಗದದಲ್ಲಿ ಸುತ್ತಿಟ್ಟ ಲಯೊನೆಲ್ ರೈಲು. ಕ್ರಿಸ್‌ಮಸ್ ಮರದ ಸುತ್ತ ನೆಲದ ಮೇಲೆ ಹಳಿ ಜೋಡಿಸಿ, ನಾಲ್ಕು ದಿನ ಓಡಿಸಿ, ಹಬ್ಬ ಮುಗಿದ ಮೇಲೆ ಮತ್ತೆ ಕಟ್ಟಿಡುತ್ತಾರೆ. ಇಂಗ್ಲೆಂಡಿನಲ್ಲಿ ಇದೇ ಸ್ಥಾನ ಹಾರ್ನ್‌ಬಿ ರೈಲಿಗೆ, ಜರ್ಮನಿಯಲ್ಲಿ ಮಾರ್ಕ್ಲಿನ್ ರೈಲಿಗೆ. ಮಾರ್ಕ್ಲಿನ್ ಕಂಪನಿ 1891ರಲ್ಲೇ ಅಳತೆಗೆ ತಕ್ಕ ಹಳಿಗಳ ಆಟದ ರೈಲನ್ನು ಲೈಪ್‌ಜಿಗ್ ಸಂತೆಗೆ ತಂದಿತ್ತು. ಲಯೊನೆಲ್ ಹುಟ್ಟಿದ್ದು 1900ರಲ್ಲಿ ನ್ಯೂಯಾರ್ಕಿನಲ್ಲಿ. ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿ ಕೀಲಿ ಕೊಟ್ಟು ಓಡಿಸುವ ರೈಲನ್ನು ಮಾರುಕಟ್ಟೆಗೆ ಬಿಟ್ಟದ್ದು 1920ರಲ್ಲಿ.

ಆರೋಗ್ಯದ ಅಂಕಣದಲ್ಲಿ ಆಟಿಕೆಯ ಪುರಾಣ ಏಕೆ ಎನ್ನುತ್ತೀರಾ? ಇಂಥ ಹಳೆಯ ರೈಲುಗಳನ್ನು ಹುಡುಕಿ ಕೊಳ್ಳುವ ಹವ್ಯಾಸ ಈಗ ದೇಶ ದೇಶಗಳಲ್ಲಿದೆ. ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ನೆಲೆಸಿದ ನಮ್ಮವರು ಊರಿಗೆ ಬರುವಾಗ ಅಜ್ಜನಿಗೂ ಮೊಮ್ಮಗನಿಗೂ ಸೇರಿ ಒಂದೇ ಉಡುಗೊರೆ ಆದೀತೆಂದು ಇದನ್ನು ತಂದರೆ ಆಶ್ಚರ್ಯವಿಲ್ಲ. ನಡುಮನೆಯ ನೆಲದ ಮೇಲೆ ಹಳಿ ಹರಡಿ, ಎಲ್ಲರೂ ಸುತ್ತ ಕುಳಿತು, ಟಿ.ವಿ. ಆರಿಸಿ ಕಳೆಯುವ ಒಂದು ಸಂಜೆ ಯಾವ ಔಷಧಿಗೂ ಕಡಿಮೆಯದಲ್ಲ. ಹಾಗಾಗಿ ಈ ಆಟ ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಐವತ್ತು, ಎಂಬತ್ತು ವರ್ಷ ಹಿಂದೆ ಮಾಡಿದ ವಸ್ತುವನ್ನು ಇಂದಿನ ಮಗುವಿನ ಕೈಗೆ ಕೊಡುವ ಮೊದಲು ಅದು ಯಾವುದರಿಂದ ಆಗಿದೆ ಎಂಬುದು ನಿಮಗೆ ಗೊತ್ತಿರಬೇಕು.

ಮೊದಲನೆಯ ಮಾತು ಸೀಸದ್ದು. ಆ ಕಾಲದ ಬಣ್ಣಗಳಲ್ಲಿ ಸೀಸ ಬೆರೆಸುವುದು ಸಾಮಾನ್ಯವಾಗಿತ್ತು. ಬಣ್ಣ ಹೊಳೆಯುತ್ತಿತ್ತು, ಬೇಗ ಒಣಗುತ್ತಿತ್ತು, ಬಾಳಿಕೆಯೂ ಬರುತ್ತಿತ್ತು. ಮನೆಗೆ ಬಳಿಯುವ ಬಣ್ಣ ಮತ್ತು ಆಟಿಕೆಗಳಲ್ಲಿ ಸೀಸವನ್ನು ಅಮೆರಿಕ ತಡೆದದ್ದು 1978ರಲ್ಲಿ. ನಮ್ಮಲ್ಲಿ ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಭಾಗಕ್ಕಿಂತ ಹೆಚ್ಚಿರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಹೀಗಾಗಿ 1978ಕ್ಕಿಂತ ಹಿಂದಿನ ರೈಲೆಂದರೆ ಅದರ ಕೆಂಪು, ಹಸಿರು ಬಣ್ಣದಲ್ಲಿ ಸೀಸ ಇದೆ ಎಂದು ತಿಳಿದೇ ಮುಂದುವರಿಯುವುದು ಜಾಣತನ. ತಗಡಿನ ಬೋಗಿಗಳ ಬೆಸುಗೆಯಲ್ಲೂ ಸೀಸವಿರುತ್ತದೆ.

ಬಣ್ಣಕ್ಕಿಂತ ನನಗೆ ಹೆಚ್ಚು ಭಯ ಹುಟ್ಟಿಸುವುದು ರೈಲಿನ ಜೊತೆ ಬರುವ ಪುಟ್ಟ ಗೊಂಬೆಗಳು. ಬಾವುಟ ಹಿಡಿದ ಗಾರ್ಡು, ಪೆಟ್ಟಿಗೆ ಹೊತ್ತ ಕೂಲಿ, ಹಳಿಯ ಪಕ್ಕ ಮೇಯುವ ಹಸು, ಕುರಿ. 1930ರ ದಶಕದ ಇಂಥ ಎಷ್ಟೋ ಗೊಂಬೆಗಳಲ್ಲಿ ಸೀಸ ಬರಿಯ ಮೇಲುಬಣ್ಣದಲ್ಲಿಲ್ಲ, ಇಡೀ ಗೊಂಬೆಯೇ ಸೀಸದ ಎರಕ. ಗಾತ್ರವೋ, ಮಗು ಬಾಯಿಗೆ ಹಾಕಿಕೊಳ್ಳಲು ಹೇಳಿ ಮಾಡಿಸಿದಂತಿರುತ್ತದೆ. ಲೋಹದ ತುಂಡು ಹೊಟ್ಟೆಗೆ ಹೋದರೆ ಎರಡು ದಿನದಲ್ಲಿ ತಾನಾಗಿ ಹೊರಬರುತ್ತದೆ ಎಂದು ಹಿರಿಯರು ಸಮಾಧಾನ ಹೇಳುವುದುಂಟು. ಸೀಸದ ವಿಷಯದಲ್ಲಿ ಆ ಮಾತು ನಂಬಬೇಡಿ. ಜಠರದ ಆಮ್ಲ ಸೀಸವನ್ನು ಕರಗಿಸುತ್ತದೆ. ಅಮೆರಿಕದ ಮಿನೆಸೋಟದಲ್ಲಿ 2006ರಲ್ಲಿ ನಾಲ್ಕು ವರ್ಷದ ಬಾಲಕನೊಬ್ಬ ಕೈಬಳೆಯಿಂದ ಕಳಚಿದ ಹೃದಯದಾಕಾರದ ಸಣ್ಣ ಪದಕವನ್ನು ನುಂಗಿದ್ದ. ಹೊಟ್ಟೆನೋವು, ವಾಂತಿ ಎಂದು ಆಸ್ಪತ್ರೆಗೆ ಹೋದಾಗ ಯಾರಿಗೂ ಸೀಸದ ಯೋಚನೆ ಬರಲಿಲ್ಲ. ಕೆಲವೇ ದಿನಗಳಲ್ಲಿ ಮಿದುಳು ಊದಿಕೊಂಡು ಮಗು ತೀರಿಕೊಂಡಿತು. ಆ ಪದಕದಲ್ಲಿ ನೂರಕ್ಕೆ 99 ಭಾಗ ಸೀಸವೇ ಇತ್ತು.

ಇಷ್ಟು ಭೀಕರ ಪ್ರಸಂಗ ಅಪರೂಪ, ನಿಜ. ಸಾಮಾನ್ಯವಾಗಿ ಆಗುವುದು ಇದಕ್ಕಿಂತ ಮೆತ್ತಗಿನ, ಆದರೆ ಕಣ್ಣಿಗೆ ಬೀಳದ ಹಾನಿ. ಹಳೆಯ ಬಣ್ಣದ ಪುಡಿ ಬೆರಳಿಗೆ ಅಂಟುತ್ತದೆ, ನೆಲಕ್ಕೆ ಉದುರುತ್ತದೆ. ಅಂಬೆಗಾಲಿಡುವ ಮಗು ಅದೇ ನೆಲದ ಮೇಲೆ ಅಂಗೈ ಊರಿ, ಅದೇ ಅಂಗೈಯನ್ನು ಬಾಯಿಗಿಡುತ್ತದೆ. ದೊಡ್ಡವರ ಹೊಟ್ಟೆಗೆ ಹೋದ ಸೀಸದಲ್ಲಿ ಸುಮಾರು ಹತ್ತನೆಯ ಒಂದು ಪಾಲು ರಕ್ತಕ್ಕೆ ಸೇರಿದರೆ, ಎಳೆಯ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಸೇರಬಹುದು. ಮಗುವಿಗೆ ಕಬ್ಬಿಣದ ಅಂಶದ ಕೊರತೆಯಿದ್ದರೆ ಇನ್ನೂ ಹೆಚ್ಚು. ನಮ್ಮ ಮಕ್ಕಳಲ್ಲಿ ರಕ್ತಹೀನತೆ ಎಷ್ಟು ಸಾಮಾನ್ಯವೆಂಬುದು ನಿಮಗೆ ಗೊತ್ತೇ ಇದೆ. ಒಳಗೆ ಸೇರಿದ ಸೀಸ ಮೂಳೆಗಳಲ್ಲಿ ಮನೆ ಮಾಡಿ ವರ್ಷಗಟ್ಟಲೆ ಕೂರುತ್ತದೆ. ಮಗು ಮಂಕಾಗುವುದು, ಸಿಡುಕುವುದು, ಪಾಠದಲ್ಲಿ ಹಿಂದುಳಿಯುವುದು, ಹಸಿವಿಲ್ಲದಿರುವುದು, ಮಲಬದ್ಧತೆ, ಆಗಾಗ ಹೊಟ್ಟೆನೋವು ಇದರ ಚಿಹ್ನೆಗಳು. ಇವುಗಳಿಗೆ ನೂರು ಕಾರಣಗಳಿರಬಹುದು, ಜಂತುಹುಳುವಿನಿಂದ ಹಿಡಿದು ಶಾಲೆಯ ಮೇಷ್ಟರವರೆಗೆ. ಖಚಿತವಾಗಿ ಹೇಳುವುದು ರಕ್ತಪರೀಕ್ಷೆ ಮಾತ್ರ. ಒಂದು ಡೆಸಿಲೀಟರ್ ರಕ್ತದಲ್ಲಿ 3.5 ಮೈಕ್ರೊಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸೀಸವಿದ್ದರೆ ಕಾರಣ ಹುಡುಕಬೇಕೆಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2021ರಲ್ಲಿ ಗೊತ್ತುಮಾಡಿತು. 1991ರಲ್ಲಿ ಇದೇ ಮಿತಿ 10 ಇತ್ತು. ಇಷ್ಟು ಸೀಸದಿಂದ ಏನೂ ಆಗುವುದಿಲ್ಲ ಎಂದು ಹೇಳಬಹುದಾದ ಪ್ರಮಾಣವೇ ಇಲ್ಲವೆಂಬುದು ಈಗಿನ ತಿಳಿವಳಿಕೆ.

ಹಾಗಾದರೆ ಏನು ಮಾಡಬೇಕು? ಆರು ವರ್ಷದೊಳಗಿನ ಮಕ್ಕಳಿರುವ ಮನೆಯಲ್ಲಿ ಹಳೆಯ ರೈಲು ನೋಡುವ ಆಟವಾಗಿರಲಿ, ಮುಟ್ಟುವ ಆಟವಾಗುವುದು ಬೇಡ. ಸೀಸದ ಗೊಂಬೆಗಳನ್ನು ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕಿ. ಪುಟ್ಟವನು ಹಟ ಮಾಡಿದರೆ ಅವನ ಕೈಗೆ ಚನ್ನಪಟ್ಟಣದ ಮರದ ರೈಲು ಕೊಡಿ. ಅರಗಿನ ಬಣ್ಣದ್ದೇ ಎಂದು ಕೇಳಿ ಕೊಳ್ಳಿ. ಹಳಿಯ ಕೆಳಗೆ ಹಳೆಯ ದಿನಪತ್ರಿಕೆಗಳನ್ನು ಹಾಸಿ, ಆಟ ಮುಗಿದ ಮೇಲೆ ಮಡಚಿ ಕಸಕ್ಕೆ ಹಾಕಿ. ರತ್ನಗಂಬಳಿಯ ಮೇಲೆ ಹಳಿ ಜೋಡಿಸಬೇಡಿ. ಅದರ ನೂಲು ಗಾಲಿಗೆ ಸುತ್ತಿಕೊಳ್ಳುತ್ತದೆ, ಎಣ್ಣೆ ಮತ್ತು ಪುಡಿ ಅದರೊಳಗೆ ಇಳಿದು ಅಲ್ಲೇ ಉಳಿಯುತ್ತದೆ. ಆಡಿದ ಜಾಗವನ್ನು ಪೊರಕೆಯಿಂದ ಗುಡಿಸಿದರೆ ಪುಡಿ ಗಾಳಿಗೇಳುತ್ತದೆ, ಒದ್ದೆ ಬಟ್ಟೆಯಿಂದ ಒರೆಸಿ. ಹಳೆಯ ಬಣ್ಣ ಕೆರೆದು ಹೊಸದು ಬಳಿಯುವ ಉತ್ಸಾಹ ಯಜಮಾನರಿಗಿದ್ದರೆ ದಯವಿಟ್ಟು ತಡೆಯಿರಿ. ಉಪ್ಪುಕಾಗದದಿಂದ ಉಜ್ಜುವುದು ಎಲ್ಲಕ್ಕಿಂತ ಕೆಟ್ಟದ್ದು. ರೈಲು ಓಡುವಾಗ ಮಂಡಕ್ಕಿ ತಟ್ಟೆ ಪಕ್ಕದಲ್ಲಿರುವುದು ಬೇಡ. ತಿಂಡಿಗೆ ಮೊದಲು ಎಲ್ಲರೂ, ಅಜ್ಜನೂ ಸೇರಿ, ಸೋಪು ಹಚ್ಚಿ ಕೈ ತೊಳೆಯಬೇಕು.

ಹಳಿಯಲ್ಲಿ ಹರಿಯುವ ವಿದ್ಯುತ್ತು

ಕೀಲಿ ರೈಲಿನಲ್ಲಿ ಈ ತೊಂದರೆಯಿಲ್ಲ. ಅದರ ಸ್ಪ್ರಿಂಗ್ ಬಿಚ್ಚಲು ಹೋಗಿ ಬೆರಳು ಕುಯ್ದುಕೊಳ್ಳದಿದ್ದರೆ ಸಾಕು. ವಿದ್ಯುತ್ ರೈಲಿನ ಕಥೆ ಬೇರೆ. 1925ರ ಸುಮಾರಿನಲ್ಲಿ ಹಾರ್ನ್‌ಬಿ, ಮಾರ್ಕ್ಲಿನ್ ಇಬ್ಬರೂ ಮನೆಯ ವಿದ್ಯುತ್ತನ್ನೇ ನಡುವೆ ಒಂದು ದೀಪದ ಬಲ್ಬಿನ ಮೂಲಕ ಹಾಯಿಸಿ ಹಳಿಗೆ ಕೊಡುವ ರೈಲುಗಳನ್ನು ಮಾರಿದ್ದರು. ಅಂದರೆ ಮಕ್ಕಳು ಮುಟ್ಟುವ ಹಳಿಯಲ್ಲೇ ಪ್ರಾಣಾಂತಿಕ ವಿದ್ಯುತ್ತು! ಇಂಥದ್ದು ಸಿಕ್ಕರೆ ಪ್ರದರ್ಶನಕ್ಕಿಡಿ, ಎಂದಿಗೂ ಓಡಿಸಬೇಡಿ. ಆಮೇಲಿನ ರೈಲುಗಳು ಟ್ರಾನ್ಸ್‌ಫಾರ್ಮರಿನಿಂದ 12 ರಿಂದ 20 ವೋಲ್ಟಿನ ಒಳಗೆ ಓಡುತ್ತವೆ. ಹಳಿ ಮುಟ್ಟಿದರೆ ಅಪಾಯವಿಲ್ಲ. ಅಪಾಯವಿರುವುದು ಗೋಡೆಯ ಪ್ಲಗ್ಗಿನಿಂದ ಟ್ರಾನ್ಸ್‌ಫಾರ್ಮರಿನವರೆಗೆ. ಹಳೆಯ ತಂತಿಯ ರಬ್ಬರು ಹಪ್ಪಳದಂತೆ ಒಡೆದಿರುತ್ತದೆ, ಲೋಹದ ಪೆಟ್ಟಿಗೆಗೆ ಅರ್ಥಿಂಗ್ ಇರುವುದಿಲ್ಲ. ಅಮೆರಿಕದಿಂದ ಬಂದದ್ದಾದರೆ ಅದು ಅಲ್ಲಿನ 110-120 ವೋಲ್ಟಿಗೆ ಮಾಡಿದ್ದು. ಇಲ್ಲಿನ 230 ವೋಲ್ಟಿನ ಪ್ಲಗ್ಗಿಗೆ ಚುಚ್ಚಿದರೆ ಕ್ಷಣಾರ್ಧದಲ್ಲಿ ಕಾದು ಹೊಗೆಯಾಡುತ್ತದೆ. ಕೆಲವು ಹಳೆಯ ಕಂಟ್ರೋಲರುಗಳಲ್ಲಿ ಸೆಲೆನಿಯಂ ಫಲಕಗಳಿರುತ್ತವೆ. ಅವು ಸುಟ್ಟರೆ ಬರುವ ಕೊಳೆತ ವಾಸನೆಯ ಹೊಗೆ ವಿಷವೇ. ಆಗ ಮೇನ್ ಆರಿಸಿ, ಕಿಟಕಿ ತೆರೆದು, ಮಕ್ಕಳೊಂದಿಗೆ ಹೊರಗೆ ಬನ್ನಿ.

ಹಳೆಯ ಟ್ರಾನ್ಸ್‌ಫಾರ್ಮರನ್ನು ನೆನಪಿಗಿಟ್ಟುಕೊಂಡು ರೈಲಿಗೆ ಹೊಂದುವ ಹೊಸದನ್ನು ಕೊಳ್ಳುವುದೇ ಸರಿ. ಲಯೊನೆಲ್‌ಗೆ ಎ.ಸಿ. ಬೇಕು, ಹಾರ್ನ್‌ಬಿ ಡಬ್ಲೋಗೆ 12 ವೋಲ್ಟ್ ಡಿ.ಸಿ. ಬೇಕು, ಕೊಳ್ಳುವ ಮೊದಲು ತಿಳಿದವರಿಗೆ ತೋರಿಸಿ. ಒರೆಸಿ ಇನ್ನೂ ಒಣಗದ ನೆಲದ ಮೇಲೆ ಹಳಿ ಹಾಕಬೇಡಿ. ಇನ್ನೊಂದು ಸಂಗತಿ ವಿದೇಶಿ ಪುಸ್ತಕಗಳಲ್ಲಿ ಸಿಗುವುದಿಲ್ಲ. ನೆಲದಲ್ಲಿ ಕುಳಿತು ಆಡುವಾಗ ನಮ್ಮ ಹೆಂಗಸರ ಬಳೆ, ಕತ್ತಿನ ಸರ, ಮಗುವಿನ ಕಾಲ್ಗೆಜ್ಜೆ ಎರಡು ಹಳಿಗಳನ್ನು ಒಟ್ಟಿಗೆ ತಾಕಬಹುದು. ವೋಲ್ಟ್ ಕಡಿಮೆಯಾದರೂ ಹರಿಯುವ ವಿದ್ಯುತ್ತು ಹೆಚ್ಚು. ಸಣ್ಣ ಸರಪಳಿ ಕಾದು ಚರ್ಮ ಸುಡಲು ಅಷ್ಟು ಸಾಕು. ಸುಟ್ಟರೆ ಇಪ್ಪತ್ತು ನಿಮಿಷ ನಲ್ಲಿ ನೀರು ಹರಿಸಿ. ಶಾಯಿ, ಟೂತ್‌ಪೇಸ್ಟ್ ಬಳಿಯಬೇಡಿ.

ಎಂಜಿನ್ನಿನ ಹೊಗೆಯ ಮಾತೂ ಇದೆ. ಲಯೊನೆಲ್ 1946ರಿಂದ ಹೊಗೆಗೂಡಿನಿಂದ ಹೊಗೆ ಬರುವ ಎಂಜಿನ್ನುಗಳನ್ನು ಮಾಡಿತು. ಮೊದಲು ಗುಳಿಗೆ, ಈಗ ಎಣ್ಣೆಯಂಥ ದ್ರವ. ಆಸ್ತಮಾ ಇರುವವರಿದ್ದರೆ ಹೊಗೆಯಿಲ್ಲದೆಯೇ ಓಡಿಸಿ. ಆ ದ್ರವವನ್ನು ಮಗು ಕುಡಿದರೆ ವಾಂತಿ ಮಾಡಿಸಬಾರದು. ಸೀಮೆಎಣ್ಣೆಯಂತೆಯೇ ಅದು ವಾಂತಿಯ ಜೊತೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯ ತರಬಹುದು. ಶೀಶೆಯ ಸಮೇತ ಆಸ್ಪತ್ರೆಗೆ ಓಡಿ.

ಇನ್ನು ದೊಡ್ಡವರ ಮಂಡಿ. ಹಳಿ ಜೋಡಿಸುವುದೆಂದರೆ ಒಂದು ಗಂಟೆ ಮಂಡಿಯೂರಿ ತೆವಳುವ ಕೆಲಸ. ಗಟ್ಟಿ ನೆಲದ ಮೇಲೆ ಹೀಗೆ ಮಾಡಿದರೆ ಮಂಡಿಚಿಪ್ಪಿನ ಮುಂದಿನ ಚೀಲ ಊದಿಕೊಂಡು ನೀರು ತುಂಬುತ್ತದೆ. ದಪ್ಪ ದಿಂಬು ಹಾಕಿಕೊಳ್ಳಿ, ಹತ್ತು ನಿಮಿಷಕ್ಕೊಮ್ಮೆ ಭಂಗಿ ಬದಲಿಸಿ. ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುವವರು ನೆಲದಿಂದ ಧಡಕ್ಕನೆ ಎದ್ದರೆ ಕಣ್ಣು ಕತ್ತಲಿಡುತ್ತದೆ. ನನಗೂ ಒಮ್ಮೆ ಹೀಗಾಗಿ, ಕುರ್ಚಿ ಕೈಗೆ ಸಿಗದಿದ್ದರೆ ಸೇತುವೆಯ ಮೇಲೆಯೇ ಬೀಳುತ್ತಿದ್ದೆ. ಮೊದಲು ಕುರ್ಚಿಗೆ, ಆಮೇಲೆ ಕಾಲ ಮೇಲೆ. ಅಜ್ಜನನ್ನು ಕುರ್ಚಿಯಲ್ಲೇ ಕೂರಿಸಿ ಕಂಟ್ರೋಲರ್ ಅವರ ಕೈಗೆ ಕೊಟ್ಟರೆ ಮರ್ಯಾದೆಯೂ ಆಯಿತು, ಮಂಡಿಯೂ ಉಳಿಯಿತು.

ಹಳಿಯನ್ನು ರಾತ್ರಿ ಹಾಗೆಯೇ ಬಿಟ್ಟು ಮಲಗಬೇಡಿ. ಬಚ್ಚಲಿಗೆ ಹೋಗುವ ದಾರಿಯಲ್ಲಿ ತಗಡಿನ ಹಳಿಗೆ ಎಡವಿ ಬಿದ್ದರೆ ಅರವತ್ತು ದಾಟಿದವರ ಸೊಂಟದ ಮೂಳೆ ಮುರಿಯಲು ಬೇರೇನೂ ಬೇಕಿಲ್ಲ. ಬಿಚ್ಚಿ ಪೆಟ್ಟಿಗೆಗೆ ಹಾಕುವಾಗ ಗೊಂಬೆಗಳನ್ನು ಎಣಿಸಿ. ಒಂದು ಕಡಿಮೆಯಿದ್ದು, ಎಲ್ಲೂ ಸಿಗದೆ, ಪುಟ್ಟ ಮಗು ಹತ್ತಿರದಲ್ಲೇ ಆಡುತ್ತಿತ್ತು ಎಂದಾದರೆ ಬೆಳಗಿನವರೆಗೆ ಕಾಯಬೇಡಿ. ಅಂದೇ ವೈದ್ಯರಲ್ಲಿಗೆ ಹೋಗಿ ಎಕ್ಸ್‌ರೇ ಮಾಡಿಸಿ. ಅದು ಸೀಸದ ಗೊಂಬೆ ಎಂಬುದನ್ನು ಬಾಯಿಬಿಟ್ಟು ಹೇಳಿ.