ಹಳೆಯ ಕಾರಿನಲ್ಲಿ ಕಾಶಿಯವರೆಗೆ

ಕಾಫಿ ಕೊಯ್ಲು ಮುಗಿದು, ಅಡಿಕೆ ಸುಲಿದು ಒಣಗಿಸಿ ಸಂಘಕ್ಕೆ ಹಾಕಿದ ಮೇಲೆ, ಹೂಮಳೆ ಬೀಳುವ ಮೊದಲು ನಮ್ಮಂಥ ಸಣ್ಣ ಬೆಳೆಗಾರರಿಗೆ ಹದಿನೈದು ದಿನಗಳ ಬಿಡುವು ಸಿಗುತ್ತದೆ. ದೇವರ ದರ್ಶನ, ನೆಂಟರ ಮನೆ, ದೂರದ ಊರಿನಲ್ಲಿರುವ ಮಕ್ಕಳ ಭೇಟಿ, ಎಲ್ಲವೂ ಈ ಬಿಡುವಿನಲ್ಲಿಯೇ ಆಗಬೇಕು. ಆಗ ಪ್ರತಿವರ್ಷವೂ ಮನೆಯಲ್ಲಿ ಏಳುವ ಪ್ರಶ್ನೆ ಒಂದೇ: "ಈ ಹಳೆಯ ಗಾಡಿಯಲ್ಲಿ ಅಷ್ಟು ದೂರ ಹೋಗಬಹುದೇ?"

ನಮ್ಮ ಮನೆಯಲ್ಲಿ ಈ ಪ್ರಶ್ನೆ ಗಟ್ಟಿಯಾಗಿ ಎದ್ದದ್ದು 2024ರ ಜನವರಿಯಲ್ಲಿ. ಎಂಬತ್ತೆರಡು ವರ್ಷದ ನಮ್ಮ ತಾಯಿಯವರಿಗೆ ಕಾಶಿ ನೋಡುವ ಆಸೆ. ರೈಲಿನಲ್ಲಿ ಹತ್ತಿ ಇಳಿಯಲು ಅವರ ಮಂಡಿನೋವು ಬಿಡದು. ಮನೆಯಲ್ಲಿದ್ದದ್ದು 2003ರಲ್ಲಿ ಕೊಂಡ ಕ್ವಾಲಿಸ್ ಡೀಸೆಲ್ ಗಾಡಿ. ಮೀಟರಿನಲ್ಲಿ 3,12,000 ಕಿ.ಮೀ. ದಾಟಿತ್ತು. ಮಗ ಹೊಸ ಕಾರಿಗೆ ಸಾಲ ತೆಗೆಯೋಣವೆಂದ. ಎಲೆಚುಕ್ಕಿ ರೋಗ ಬಂದ ಮೇಲೆ ಮುಂದಿನ ವರ್ಷದ ಫಸಲನ್ನು ನಂಬಿ ಐದು ವರ್ಷದ ಕಂತಿಗೆ ಸಹಿ ಹಾಕುವ ಧೈರ್ಯ ನಮಗಿರಲಿಲ್ಲ. ಹಳೆಯ ಗಾಡಿಯಲ್ಲಿಯೇ ಹೊರಡುವುದೆಂದು ನಿಶ್ಚಯಿಸಿದೆವು. ಹೋಗಿ ಬಂದದ್ದು ಹದಿನಾಲ್ಕು ದಿನ, 4,200 ಕಿ.ಮೀ. ಅದರಲ್ಲಿ ಕಲಿತದ್ದನ್ನು, ಮುಖ್ಯವಾಗಿ ನಾವು ಮಾಡಿದ ಒಂದು ತಪ್ಪನ್ನು, ಸದಸ್ಯ ಬಾಂಧವರಿಗೆ ತಿಳಿಸುವುದು ಈ ಲೇಖನದ ಉದ್ದೇಶ.

ಮೀಟರು ಹೇಳುವುದೆಷ್ಟು?

ಹೆಚ್ಚು ಓಡಿದ ಗಾಡಿ ಎಂದರೆ ಮುಗಿದ ಗಾಡಿ ಎಂದು ತಿಳಿಯಬೇಕಾಗಿಲ್ಲ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಅರ್ವ್ ಗಾರ್ಡನ್ ಎಂಬ ಶಾಲಾ ವಿಜ್ಞಾನ ಶಿಕ್ಷಕರು 1966ರಲ್ಲಿ ಕೊಂಡ ವೋಲ್ವೋ ಕಾರನ್ನು 2013ರಲ್ಲಿ 30 ಲಕ್ಷ ಮೈಲಿಗೆ, ಅಂದರೆ ಸುಮಾರು 48 ಲಕ್ಷ ಕಿ.ಮೀ.ಗೆ ಮುಟ್ಟಿಸಿದರು. 2018ರಲ್ಲಿ ತೀರಿಕೊಳ್ಳುವವರೆಗೂ ಅದೇ ಕಾರು ಓಡಿಸಿದರು. ಅವರಲ್ಲಿ ಯಾವ ಮಂತ್ರವೂ ಇರಲಿಲ್ಲ. ಕಂಪನಿಯ ಕೈಪಿಡಿಯಲ್ಲಿ ಹೇಳಿದ ಕಾಲಕ್ಕೆ ಸರಿಯಾಗಿ ಆಯಿಲ್ ಬದಲಿಸಿದರು, ಹೇಳಿದ ಕೆಲಸ ಮಾಡಿಸಿದರು, ಅಷ್ಟೆ.

ಆದರೆ ಅವರ ಕಾರು ನಿತ್ಯ ಓಡುತ್ತಿತ್ತು. ನಮ್ಮ ಗಾಡಿಗಳು ಮಳೆಗಾಲವಿಡೀ ಅಡಿಕೆ ಕೊಟ್ಟಿಗೆಯ ಪಕ್ಕದಲ್ಲಿ ಥಂಡಿ ಹಿಡಿದು ನಿಂತಿರುತ್ತವೆ. ವಾರಕ್ಕೊಮ್ಮೆ ಪೇಟೆಗೆ ಹೋದರೆ ಹೆಚ್ಚು. ಕಬ್ಬಿಣ ಸವೆಯುವುದು ಕಿಲೋಮೀಟರಿನ ಲೆಕ್ಕದಲ್ಲಿ. ರಬ್ಬರು ಕೆಡುವುದು ವರ್ಷದ ಲೆಕ್ಕದಲ್ಲಿ. ಟೈರು, ಬೆಲ್ಟು, ಹೋಸ್ ಪೈಪು, ಬ್ರೇಕಿನ ರಬ್ಬರು ಇವುಗಳಿಗೆ ಗಾಡಿ ನಿಂತಿದ್ದರೂ ವಯಸ್ಸಾಗುತ್ತದೆ. ನಾವು ಎಡವಿದ್ದೂ ಇಲ್ಲಿಯೇ.

ಹೊರಡುವ ಮೊದಲು

ಗ್ಯಾರೇಜಿನ ಮೇಸ್ತ್ರಿಯನ್ನು ಒಂದು ತಿಂಗಳು ಮೊದಲೇ ಕಂಡೆವು. ಟೈಮಿಂಗ್ ಬೆಲ್ಟ್ ಬದಲಿಸಿದೆವು. ನಮ್ಮ ಎಂಜಿನ್ನಿನಲ್ಲಿ ಇದನ್ನು ಪ್ರತಿ ಒಂದು ಲಕ್ಷ ಕಿ.ಮೀ.ಗೆ ಬದಲಿಸತಕ್ಕದ್ದು, ದಾರಿಯಲ್ಲಿ ಹರಿದರೆ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಎಂಜಿನ್ ಬಿಚ್ಚುವ ಪ್ರಸಂಗ ಬರುತ್ತದೆ. ಟೈರುಗಳ ಗೀರು ಚೆನ್ನಾಗಿಯೇ ಇತ್ತು. ಆದರೆ ಟೈರಿನ ಬದಿಯಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳನ್ನು ಮೇಸ್ತ್ರಿ ತೋರಿಸಿದರು. 3215 ಎಂದಿದ್ದರೆ 2015ನೇ ಇಸವಿಯ 32ನೇ ವಾರದಲ್ಲಿ ತಯಾರಾದದ್ದು ಎಂದರ್ಥ. ಅಷ್ಟು ಹಳೆಯ ಟೈರು ಬಿಸಿಲಿನ ಹೆದ್ದಾರಿಯಲ್ಲಿ ಸಿಡಿಯಬಹುದು. ನಾಲ್ಕನ್ನೂ ಹೊಸದು ಹಾಕಿಸಿದೆವು.

ಬ್ರೇಕ್ ಆಯಿಲಿನ ವಿಷಯ ಮಲೆನಾಡಿನವರು ವಿಶೇಷವಾಗಿ ಗಮನಿಸಬೇಕು. ಅದು ಗಾಳಿಯ ತೇವವನ್ನು ಹೀರುತ್ತದೆ. ನೀರು ಸೇರಿದ ಆಯಿಲು ಘಾಟಿ ಇಳಿಯುವಾಗಿನ ಕಾವಿಗೆ ಕುದಿದು, ಪೆಡಲು ಮೆತ್ತಗೆ ಒಳಕ್ಕೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸುವುದು ಕ್ಷೇಮ. ಇಲಿ ಕಡಿದ ವೈರುಗಳಿವೆಯೇ ಎಂದೂ ನೋಡಿಸಿದೆವು. ಎರಡು ಕಡೆ ಸಿಕ್ಕಿತು.

ಎಲ್ಲ ಸೇರಿ 38,000 ರೂಪಾಯಿ ಖರ್ಚಾಯಿತು. ಆಗ ಮೇಸ್ತ್ರಿ, "ರೇಡಿಯೇಟರಿನ ಹೋಸ್ ಗಟ್ಟಿಯಾಗಿದೆ, ಹಾಕಿಬಿಡೋಣ" ಎಂದರು. ಆರುನೂರು ರೂಪಾಯಿಯ ಮಾತು. ಖರ್ಚು ಆಗಲೇ ಮೇಲೆ ಹೋಗಿತ್ತೆಂದು ನಾವು, "ಸೋರುತ್ತಿಲ್ಲವಲ್ಲ, ಬಂದ ಮೇಲೆ ನೋಡೋಣ" ಎಂದೆವು.

ಕುರಾಯಿ ಘಾಟಿಯಲ್ಲಿ

ಹೈದರಾಬಾದ್, ನಾಗಪುರ ಯಾವ ತೊಂದರೆಯೂ ಇಲ್ಲದೆ ದಾಟಿದವು. ಮೂರನೆಯ ದಿನ ಮಧ್ಯಾಹ್ನ ಪೆಂಚ್ ಕಾಡಿನ ಹೆದ್ದಾರಿ ದಾಟಿ ಸಿವನಿಯ ಕಡೆಗೆ ಘಾಟಿ ಹತ್ತುತ್ತಿದ್ದೆವು. ಒಳಗೆ ಆರು ಜನ, ಮೇಲಿನ ಕ್ಯಾರಿಯರಿನಲ್ಲಿ ಅಕ್ಕಿ, ಪಾತ್ರೆ, ಹಾಸಿಗೆ. ಉಷ್ಣತೆಯ ಮುಳ್ಳು ಮಧ್ಯದಿಂದ ಸರ್ರನೆ ಏರಿತು. ಬಾನೆಟ್ಟಿನಿಂದ ಹಬೆ ಎದ್ದಿತು. ಗಾಡಿಯನ್ನು ಅಂಚಿಗೆ ತಂದು ಕೂಡಲೇ ಎಂಜಿನ್ ನಿಲ್ಲಿಸಿದೆವು.

ಜೊತೆಗಿದ್ದ ಭಾವ ಟವೆಲ್ ಸುತ್ತಿಕೊಂಡು ರೇಡಿಯೇಟರಿನ ಮುಚ್ಚಳ ತಿರುಗಿಸಲು ಹೋದರು. ಹಿಂದೆ ನಿಂತ ನಾಮಕ್ಕಲ್ ಕಡೆಯ ಲಾರಿಯ ಚಾಲಕ ಓಡಿಬಂದು ಅವರ ಕೈ ಹಿಡಿದೆಳೆದರು. ಮುಚ್ಚಳ ತೆಗೆದಿದ್ದರೆ ಕುದಿನೀರು ಮುಖಕ್ಕೇ ಚಿಮ್ಮುತ್ತಿತ್ತು. ಒಂದು ಗಂಟೆ ಕಾಯಬೇಕೆಂದು ಕೈಸನ್ನೆಯಲ್ಲಿ ತಿಳಿಸಿದರು. ತಾಯಿಯವರು ಮರದ ನೆರಳಿನಲ್ಲಿ ಕುಳಿತು ಫ್ಲಾಸ್ಕಿನ ಕಾಫಿಯನ್ನು ಆ ಚಾಲಕರಿಗೂ ಬಗ್ಗಿಸಿಕೊಟ್ಟರು. ನಮ್ಮ ಮುಖ ನೋಡಿ, "ಕಾಶಿ ಎಲ್ಲಿಗೂ ಓಡಿ ಹೋಗೋದಿಲ್ಲ ಮಾರಾಯ, ಮೊದಲು ಗಾಡಿ ತಣಿಯಲಿ" ಎಂದರು.

ಮೇಲಿನ ಹೋಸು ಕ್ಲಿಪ್ಪಿನ ಬುಡದಲ್ಲಿ ಸೀಳಿತ್ತು. ತುದಿಯ ಎರಡು ಅಂಗುಲ ಕತ್ತರಿಸಿ, ಉಳಿದದ್ದನ್ನು ಎಳೆದು ಬಿಗಿದು, ನೀರು ತುಂಬಿ ನಿಧಾನವಾಗಿ ಸಿವನಿ ಸೇರಿದೆವು. ಜಬಲ್ಪುರದಲ್ಲಿ ಎರಡೂ ಹೋಸು ಹೊಸದಾಯಿತು. ಒಂದು ದಿನ ಹೋಯಿತು. ಮುಳ್ಳು ಏರಿದ ಮೇಲೆಯೂ ನಾಲ್ಕಾರು ಕಿ.ಮೀ. ಓಡಿಸಿದ್ದರೆ ಹೆಡ್ ಗ್ಯಾಸ್ಕೆಟ್ ಸುಟ್ಟು, ಪ್ರಯಾಣವೂ ಅಲ್ಲಿಗೇ ಮುಗಿಯುತ್ತಿತ್ತು. ಆರುನೂರು ರೂಪಾಯಿ ಉಳಿಸಲು ಹೋಗಿ ಎಂಬತ್ತೆರಡರ ತಾಯಿಯನ್ನು ಕಾಡಿನ ಅಂಚಿನಲ್ಲಿ ಕೂರಿಸಿದ ಸಂಕೋಚ ನಮಗೆ ಈಗಲೂ ಇದೆ.

ಸದಸ್ಯರ ಗಮನಕ್ಕೆ

1. ರಿಪೇರಿಯಾದ ಮರುದಿನವೇ ದೂರ ಹೊರಡಬಾರದು. ಮೊದಲು ಇನ್ನೂರು-ಮುನ್ನೂರು ಕಿ.ಮೀ. ಸುತ್ತಿ ಬನ್ನಿ. ಸಡಿಲ ನಟ್ಟು, ಸೋರುವ ಸೀಲು ಆಗಲೇ ತಿಳಿಯುತ್ತದೆ.

2. ಹಳೆಯ ಎಂಜಿನ್ ಸ್ವಲ್ಪ ಆಯಿಲ್ ಕುಡಿಯುವುದು ಸಹಜ. ಪ್ರತಿದಿನ ಬೆಳಗ್ಗೆ, ಸಮನೆಲದಲ್ಲಿ, ಎಂಜಿನ್ ತಣ್ಣಗಿರುವಾಗ ಕಡ್ಡಿ ಎಳೆದು ನೋಡಿ. ಒಂದು ಲೀಟರ್ ಜೊತೆಗಿರಲಿ.

3. ರೇಡಿಯೇಟರಿಗೆ ಹಳ್ಳದ ನೀರು, ಬೋರ್‌ವೆಲ್ ನೀರು ಬೇಡ. ಒಳಗೆ ತುಕ್ಕು, ಸುಣ್ಣ ಕಟ್ಟುತ್ತದೆ. ಕೂಲಂಟ್ ಹಾಕಿ. ಏರಿನಲ್ಲಿ ಮುಳ್ಳು ನಿಧಾನವಾಗಿ ಮೇಲೇಳತೊಡಗಿದರೆ ಎ.ಸಿ. ನಿಲ್ಲಿಸಿ ಹೀಟರ್ ಹಾಕಿ. ಎಂಜಿನ್ನಿನ ಕಾವು ಸ್ವಲ್ಪ ಇಳಿಯುತ್ತದೆ. ಆದರೂ ಇಳಿಯದಿದ್ದರೆ, ಅಥವಾ ಹಬೆ ಕಂಡರೆ, ನಿಲ್ಲಿಸಿಬಿಡಿ.

4. ಘಾಟಿಯನ್ನು ಹತ್ತುವ ಗೇರಿನಲ್ಲಿಯೇ ಇಳಿಯಿರಿ. ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಕೊನೆಯ ತಿರುವಿನಲ್ಲಿ ಅದು ಕೈಕೊಡುತ್ತದೆ.

5. ಪೆಟ್ರೋಲ್ ಗಾಡಿಯವರು ಇಂಧನದ ರಬ್ಬರ್ ಪೈಪುಗಳನ್ನು ನೋಡಿಸಿ. ಬಂಕುಗಳಲ್ಲಿ ಈಗ ಸಿಗುತ್ತಿರುವುದು ಸಾಮಾನ್ಯವಾಗಿ ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. ಹಳೆಯ ಗಾಡಿಗಳ ಪೈಪು ಅದಕ್ಕೆಂದು ತಯಾರಾದದ್ದಲ್ಲ. ಪೆಟ್ರೋಲಿನ ವಾಸನೆ ಬಂದರೆ ಉದಾಸೀನ ಮಾಡಬಾರದು.

6. ಸ್ವಂತ ಕಾರಿನ ನೋಂದಣಿಗೆ 15 ವರ್ಷದ ಅವಧಿ. ಆಮೇಲೆ ತಪಾಸಣೆಯಾಗಿ ಐದೈದು ವರ್ಷಕ್ಕೆ ನವೀಕರಣ. ನಮ್ಮ ಗಾಡಿಗೆ 2018ರಲ್ಲಿ, 2023ರಲ್ಲಿ ಎರಡು ಬಾರಿ ಆಗಿದೆ. ಇದರೊಂದಿಗೆ ವಿಮೆ, ಹೊಗೆ ಪರೀಕ್ಷೆಯ ಚೀಟಿ ಕೈಯಲ್ಲಿರಲಿ. ದಿಲ್ಲಿಯ ಕಡೆಗೆ ಹೋಗುವವರು ಹಳೆಯ ವಾಹನಗಳ ಬಗ್ಗೆ ಅಲ್ಲಿನ ನಿರ್ಬಂಧವನ್ನು ವಿಚಾರಿಸಿಕೊಂಡೇ ಹೊರಡತಕ್ಕದ್ದು.

ಎಲ್ಲ ಹಳೆಯ ಗಾಡಿಯೂ ದೂರಕ್ಕೆ ಯೋಗ್ಯವೆಂದು ನಾವು ಹೇಳುತ್ತಿಲ್ಲ. ಚಾಸಿ ತುಕ್ಕು ಹಿಡಿದು ತೂತಾಗಿದ್ದರೆ, ಸ್ಟಿಯರಿಂಗ್ ಅಲುಗಾಡುತ್ತಿದ್ದರೆ, ಮೇಸ್ತ್ರಿ ತಲೆಯಾಡಿಸಿದರೆ, ಬಸ್ಸಿಗೆ ಹೋಗುವುದೇ ಜಾಣತನ. ಮನೆಯವರ ಜೀವಕ್ಕಿಂತ ಹಟ ದೊಡ್ಡದಲ್ಲ.

ತಾಯಿಯವರು ಗಂಗೆಯಲ್ಲಿ ಮಿಂದರು, ವಿಶ್ವನಾಥನ ದರ್ಶನ ಮಾಡಿದರು, ತಂಬಿಗೆಯಲ್ಲಿ ಗಂಗಾಜಲ ತಂದರು. ಗಾಡಿ ಈಗಲೂ ಪೇಟೆಗೆ ಅಡಿಕೆ ಮೂಟೆ ಹೊರುತ್ತಿದೆ. ಸೀಳಿದ ಹೋಸಿನ ತುಂಡನ್ನು ಎಸೆಯದೆ ಶೆಡ್ಡಿನ ಮೊಳೆಗೆ ನೇತುಹಾಕಿದ್ದೇವೆ. ಮನೆಯಲ್ಲಿ ಯಾರಾದರೂ "ಬಂದ ಮೇಲೆ ನೋಡೋಣ" ಎಂದಾಗ ಅದರ ಕಡೆಗೆ ಬೆರಳು ತೋರಿಸುತ್ತೇವೆ.