ಬಾಳ್ಗಳ್ಚಿನ ಋಣ

ಮಾರ್ಗಶಿರದ ಚಳಿಯೊಡನೆ ಡಿಸೆಂಬರ್ 7 ಬಂದಿತೆಂದರೆ, ಎದೆಯ ಮೇಲೆ ಪುಟ್ಟ ಧ್ವಜವೊಂದನ್ನು ಚುಚ್ಚಿಕೊಂಡು ಹುಂಡಿಗೆ ಕಾಸು ಹಾಕುವ ವಾಡಿಕೆ ನಮ್ಮಲ್ಲುಂಟು. ಕೆಂಪು, ಕಡುನೀಲಿ, ತಿಳಿನೀಲಿ ಬಣ್ಣಗಳು ಭೂಸೇನೆ, ನೌಕಾಸೇನೆ, ವಾಯುಸೇನೆಗಳ ಗುರುತು. 1949ರಿಂದ ನಡೆದುಬಂದಿರುವ ಧ್ವಜ ದಿನವಿದು. ಅಲ್ಲಿಂದ ಕ್ರಿಸ್ಮಸ್ಸಿನವರೆಗೂ ಉಡುಗೊರೆಗಳ ಕಾಲ. 1914ರ ಕ್ರಿಸ್ಮಸ್ಸಿಗೆ ಇಂಗ್ಲೆಂಡಿನ ರಾಜಕುಮಾರಿ ಮೇರಿಯ ಹೆಸರಿನಲ್ಲಿ ಯೋಧರಿಗೆ ಕಾಣಿಕೆ ಹಂಚಿದಾಗ, ಭಾರತದ ಸಿಪಾಯಿಗಳಲ್ಲಿ ಹಲವರಿಗೆ ಕಲ್ಲುಸಕ್ಕರೆಯೂ ಮಸಾಲೆಯೂ ಸಂದುವು. ಪ್ರೀತಿಯ ಕಾಣಿಕೆಯೇ ಸರಿ. ಆದರೆ ಕಲ್ಲುಸಕ್ಕರೆ ಕರಗಿದ ಮೇಲೆ?

ಈ ಪ್ರಶ್ನೆಗೆ ಕನ್ನಡ ನಾಡು ಬಹು ಹಿಂದೆಯೇ ಉತ್ತರ ಹೇಳಿದೆ. ಕನ್ನಡದ ಅತಿ ಪ್ರಾಚೀನ ಶಾಸನಗಳಲ್ಲೊಂದು, ಸುಮಾರು ಕ್ರಿ.ಶ. 450ರದು, ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ದೊರೆಯಿತು. ಅದರಲ್ಲಿರುವುದು ಹೋರಾಡಿ ಬಂದ ವಿಜಅರಸನೆಂಬ ವೀರನಿಗೆ ಎರಡು ಊರುಗಳನ್ನು ಬಿಟ್ಟುಕೊಟ್ಟ ವಿಷಯ. ಆ ದತ್ತಿಯ ಹೆಸರು ಬಾಳ್ಗಳ್ಚು, ಎಂದರೆ ಕತ್ತಿ ತೊಳೆಯುವುದು. ಮಡಿದವನ ಮನೆಯವರಿಗೆ ಕೊಡುತ್ತಿದ್ದ ಭೂಮಿಗೆ ನೆತ್ತರುಗೊಡಗೆಯೆಂದು ಹೆಸರು. ವೀರಗಲ್ಲಿನಲ್ಲಿ ಅಪ್ಸರೆಯರು ಯೋಧನನ್ನು ಮೇಲಕ್ಕೊಯ್ಯುವುದನ್ನು ಕಂಡು ನಾವು ಬೆರಗಾಗುತ್ತೇವೆ. ಆದರೆ ಕೆಳಗುಳಿದ ಅವನ ಹೆಂಡಿರು ಮಕ್ಕಳ ಅನ್ನವನ್ನೂ ಹಿಂದಿನವರು ಚಿಂತಿಸಿದ್ದರೆಂಬುದೇ ನನಗೆ ಹೆಚ್ಚಿನದಾಗಿ ತೋರುತ್ತದೆ.

ಕಡೂರು ದಾಟಿದ ರೈಲುದಾರಿ ಬೀರೂರಿನಲ್ಲಿ ಕವಲೊಡೆದು, ಒಂದು ತರೀಕೆರೆಯತ್ತ, ಇನ್ನೊಂದು ಅಜ್ಜಂಪುರದತ್ತ ಸಾಗುತ್ತದೆ. ತರೀಕೆರೆಯ ಬಳಿಯ ಅಮೃತಾಪುರದಲ್ಲಿ, 1196ರಲ್ಲಿ ದೇಗುಲ ಕಟ್ಟಿಸಿದವನು ಹೊಯ್ಸಳ ವೀರಬಲ್ಲಾಳನ ದಂಡನಾಯಕ. ಅಜ್ಜಂಪುರದಲ್ಲಿ ಇಂದಿಗೂ ಅಮೃತಮಹಲ್ ತಳಿಯ ಸಂವರ್ಧನ ಕೇಂದ್ರವಿದೆ. ಹೈದರಾಲಿ, ಟೀಪೂ ಸುಲ್ತಾನರ ದಂಡಿನ ಸಾಮಗ್ರಿಯನ್ನೂ ಫಿರಂಗಿಗಳನ್ನೂ ಎಳೆದದ್ದು ಈ ಎತ್ತುಗಳೇ. ಅವುಗಳ ಮೇವಿಗೆಂದೇ ಮೀಸಲಿಟ್ಟ ಹುಲ್ಲುಗಾವಲುಗಳಿಗೆ ಈ ಸೀಮೆಯಲ್ಲಿ ಈಗಲೂ ಕಾವಲ್ ಎಂದೇ ಹೆಸರು. ದಂಡಿಗೆ ದುಡಿಯುವ ಎತ್ತಿಗೂ ನೆಲ ಬೇಕೆಂದು ಅರಿತಿದ್ದ ನಾಡಿದು.

ಹೀಗಿರಲು, ದುಡಿದು ಬಂದ ಮನುಷ್ಯನ ಮಾತೇನು? ಸಿಪಾಯಿಯಾದವನು ಬಹುಮಟ್ಟಿಗೆ ನಲವತ್ತರ ಆಸುಪಾಸಿನಲ್ಲೇ ಸಮವಸ್ತ್ರ ಕಳಚಿ ಊರಿಗೆ ಮರಳುತ್ತಾನೆ. ಮಕ್ಕಳ ಓದು ಅರ್ಧದಲ್ಲಿರುತ್ತದೆ, ಹೊಸ ಕಸುಬು ಹುಡುಕಬೇಕಾಗುತ್ತದೆ. 1971ರ ಡಿಸೆಂಬರ್ 3ರಿಂದ 16ರವರೆಗಿನ ಯುದ್ಧದಲ್ಲಿ ಇಪ್ಪತ್ತರ ತರುಣರಾಗಿದ್ದವರು ಇಂದು ಎಪ್ಪತ್ತನ್ನು ದಾಟಿದ್ದಾರೆ. ಪಿಂಚಣಿ ನಿಲ್ಲದಿರಬೇಕಾದರೆ, ತಾನು ಬದುಕಿದ್ದೇನೆಂದು ವರ್ಷಕ್ಕೊಮ್ಮೆ ಪ್ರಮಾಣಪತ್ರ ಒಪ್ಪಿಸಬೇಕು. ಸಾವಿನೆದುರು ನಿಂತು ಬಂದ ಮುದುಕನಿಗೆ ಕಂಪ್ಯೂಟರಿನ ಮುಂದೆ ಬೆರಳೊತ್ತಿ ತಾನು ಜೀವಂತವೆಂದು ಸಾಬೀತುಪಡಿಸುವ ಕೆಲಸ! ಅವನ ವಿಧವೆಗೂ ಇದೇ ಪಾಡು.

ಧ್ವಜ ದಿನದ ನಿಧಿ ಯುದ್ಧದಲ್ಲಿ ಗಾಯಗೊಂಡವರಿಗೂ ಮಡಿದವರ ಕುಟುಂಬಗಳಿಗೂ ಮಾಜಿ ಸೈನಿಕರಿಗೂ ಸಲ್ಲುತ್ತದೆ. ಅದಕ್ಕೆ ಕೊಡುವುದು ಒಳ್ಳೆಯದೇ. ಆದರೆ ಹಣ ಮಾಡಲಾರದ ಕೆಲಸಗಳೂ ಇವೆ. ಅರ್ಜಿ ಬರೆದುಕೊಡುವುದು, ಕಚೇರಿಯ ಪತ್ರವನ್ನು ಓದಿ ತಿಳಿಹೇಳುವುದು, ವೃದ್ಧರನ್ನು ಕೈಹಿಡಿದು ಬ್ಯಾಂಕಿಗೆ ಕರೆದೊಯ್ಯುವುದು, ಇವೆಲ್ಲ ಓದು ಬಲ್ಲ ಹುಡುಗ ಹುಡುಗಿಯರಿಂದ ಆಗುವಂಥವು. ಉಪಾಧ್ಯಾಯರು ಮನಸ್ಸು ಮಾಡಿದರೆ, ಪ್ರತಿ ಶಾಲೆಯೂ ತನ್ನ ಊರಿನ ಮಾಜಿ ಸೈನಿಕರ ಮನೆಗಳನ್ನು ಗುರುತು ಹಾಕಿಕೊಳ್ಳಬಹುದು. ಊರುಗಳನ್ನು ದತ್ತಿ ಬಿಡುವ ಶಕ್ತಿ ನಮಗಿಲ್ಲ. ವಾರಕ್ಕೊಂದು ಗಳಿಗೆಯನ್ನು ಕೊಡಬಲ್ಲೆವು. ನಮ್ಮ ಕಾಲದ ಬಾಳ್ಗಳ್ಚು ಅದೇ.