ಬಡವರ ಕವಾಟ, ಬೆಂಗಳೂರಿನ ಬಲೂನು

ಮಕ್ಕಳಿಗೆ ಗಂಟಲು ನೋವು ಬಂದರೆ ನಮ್ಮ ಬೀಳಗಿ ಸೀಮೆಯಲ್ಲಿ ಯಾರೂ ಅಷ್ಟಾಗಿ ತಲೆ ಕೆಡಿಸಿಕೊಳ್ಳುವುದಿಲ್ಲ. ಆ ನೋವಿಗೆ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾ ಕಾರಣವಾಗಿದ್ದರೆ ಕೆಲವು ಮಕ್ಕಳಿಗೆ ಎರಡು-ಮೂರು ವಾರದಲ್ಲಿ ಜ್ವರ ಬಂದು ಕೀಲು ಬಾಯುತ್ತವೆ. ಇದು ಕೀಲುವಾತ ಜ್ವರ. ಕೀಲಿನ ಬಾವು ಇಳಿದರೂ ಹೃದಯದ ಕವಾಟಕ್ಕಾದ ಗಾಯ ಉಳಿದು, ಅದರ ಅಂಚುಗಳು ಅಂಟಿಕೊಂಡು ರಕ್ತದ ದಾರಿ ಕಿರಿದಾಗಬಹುದು. ವರ್ಷಗಳು ಉರುಳಿದ ಮೇಲೆ, ಕೊಡ ಹೊತ್ತು ನಾಲ್ಕು ಹೆಜ್ಜೆ ನಡೆದರೂ ಅಂಥ ಕವಾಟವಿರುವ ಹೆಣ್ಣುಮಗಳಿಗೆ ದಮ್ಮು ಹತ್ತುತ್ತದೆ. ಬಸಿರಾದರೆ ಜೀವಕ್ಕೇ ಕುತ್ತು ಬರಬಹುದು.

ಈ ರೋಗದ ಚಿಕಿತ್ಸೆ ಮತ್ತು ಅಧ್ಯಯನಕ್ಕೆ ವೃತ್ತಿಜೀವನದ ದೊಡ್ಡ ಪಾಲನ್ನು ಕೊಟ್ಟವರು ಡಾ. ಸಿ.ಎನ್. ಮಂಜುನಾಥ್. ಹಾಸನ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿನವರು. ಮೈಸೂರಿನಲ್ಲಿ ಎಂಬಿಬಿಎಸ್, ಬೆಂಗಳೂರಿನಲ್ಲಿ ಎಂಡಿ, ಮಂಗಳೂರಿನಲ್ಲಿ ಹೃದ್ರೋಗದ ಡಿಎಂ ಮುಗಿಸಿ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ ಸೇರಿದರು. ಸುಮಾರು ಹದಿನೇಳು ವರ್ಷ ಅದರ ನಿರ್ದೇಶಕರಾಗಿದ್ದು, 2024ರ ಜನವರಿಯಲ್ಲಿ ನಿವೃತ್ತರಾದರು. 2007ರಲ್ಲಿ ಪದ್ಮಶ್ರೀ ಬಂತು.

ಅವರು ಪಳಗಿದ್ದು ಬಲೂನು ಚಿಕಿತ್ಸೆಯಲ್ಲಿ. ತೊಡೆಯ ಸಂದಿನ ರಕ್ತನಾಳದಿಂದ ತೆಳು ಕೊಳವೆಯನ್ನು ಹೃದಯದವರೆಗೆ ಒಯ್ದು, ಮೇಲಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ಸಣ್ಣ ರಂಧ್ರ ಮಾಡಿ, ಎಡಬದಿಗೆ ದಾಟಿಸುತ್ತಾರೆ. ಕವಾಟದ ನಡುವೆ ಬಲೂನು ಕೆಲವೇ ಕ್ಷಣ ಉಬ್ಬುತ್ತದೆ. ಅಂಟಿಕೊಂಡ ಅಂಚುಗಳು ಬಿಡುತ್ತವೆ. ಎದೆ ಸೀಳಬೇಕಿಲ್ಲ. ಹೃದಯದ ಎಡ ಮೇಲ್ಕೋಣೆಯಲ್ಲಿ ರಕ್ತ ಹೆಪ್ಪುಗಟ್ಟಿದವರಿಗೆ ಈ ಚಿಕಿತ್ಸೆ ಬೇಡವೆನ್ನುವುದು ರೂಢಿ. ಅಂಥವರಲ್ಲಿ ಯಾರಿಗೆ ಇದನ್ನು ಮಾಡಬಹುದು ಎಂಬುದನ್ನು ಮಂಜುನಾಥ್ ಮತ್ತು ಸಂಗಡಿಗರು ಅಭ್ಯಸಿಸಿ 2009ರಲ್ಲಿ ಪ್ರಕಟಿಸಿದರು.

2010ರಿಂದ 2012ರವರೆಗೆ ಜಯದೇವದಲ್ಲಿ ಮೊದಲ ಬಾರಿ ಎಕೋ (ಹೃದಯದ ಸ್ಕ್ಯಾನ್) ಮಾಡಿಸಿಕೊಂಡ 1,36,098 ಜನರ ದಾಖಲೆಗಳನ್ನೂ ಅವರ ತಂಡ ಜಾಲಾಡಿತು. 13,289 ಜನರಲ್ಲಿ ಕವಾಟದ ರೋಗವಿತ್ತು. ಅದಕ್ಕೆ ಮುಖ್ಯ ಕಾರಣ ಕೀಲುವಾತ ಜ್ವರವೇ. ಶ್ರೀಮಂತ ದೇಶಗಳಲ್ಲಿ ಅಪರೂಪವಾದ ಈ ರೋಗದ ಬಗ್ಗೆ ಇಷ್ಟು ದೊಡ್ಡ ಅಧ್ಯಯನ ಸಾಧ್ಯವಾದದ್ದು ಸರ್ಕಾರಿ ಆಸ್ಪತ್ರೆಯ ಉದ್ದನೆಯ ಪಾಳಿಯಿಂದ. ಮೊದಲು ಚಿಕಿತ್ಸೆ, ಆಮೇಲೆ ಹಣ ಎಂಬ ನಿಯಮವಿದ್ದುದರಿಂದ ಕೈಯಲ್ಲಿ ದುಡ್ಡಿಲ್ಲದವರೂ ಆ ಪಾಳಿಯಲ್ಲಿ ನಿಲ್ಲಬಹುದಿತ್ತು. ಆ ಜನರ ಕಾಯಿಲೆಯನ್ನು ವಿಜ್ಞಾನದ ಪ್ರಶ್ನೆಯಾಗಿ ಎತ್ತಿಕೊಂಡದ್ದೇ ಈ ವೈದ್ಯರ ದೊಡ್ಡತನ.

ಬೀಳಗಿಯವರಿಗೆ ಬೆಂಗಳೂರು ಸುಮಾರು 500 ಕಿಲೋಮೀಟರ್. ಜಯದೇವದ ಕಲಬುರಗಿ ಶಾಖೆ ಅದರ ಸುಮಾರು ಅರ್ಧದಷ್ಟು ದೂರ. ಆದರೆ ಈ ರೋಗ ತಡೆಯಲು ಅಷ್ಟು ದೂರವೂ ಹೋಗಬೇಕಿಲ್ಲ. ಗಂಟಲು ನೋವಿನ ಜೊತೆ ಜ್ವರವಿದ್ದರೆ ಮಗುವನ್ನು ವೈದ್ಯರಿಗೆ ತೋರಿಸಬೇಕು. ಕೀಲುವಾತ ಜ್ವರ ಒಮ್ಮೆ ಬಂದಿದ್ದರೆ, ವೈದ್ಯರು ಹೇಳಿದಷ್ಟು ವರ್ಷ ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಸೂಜಿ ಹಾಕಿಸಬೇಕು. ಮಗು ಗೆಲುವಾಯಿತೆಂದು ನಡುವೆ ಬಿಡಬಾರದು. ಮನೆಯವರು, ಶಾಲೆಯ ಮೇಷ್ಟ್ರು, ಆಶಾ ಕಾರ್ಯಕರ್ತೆ ಇದೊಂದನ್ನು ನೆನಪಿಟ್ಟರೆ ಎಷ್ಟೋ ಮಕ್ಕಳಿಗೆ ಮುಂದೆ ಬಲೂನಿನ ಅಗತ್ಯವೇ ಬಾರದು.